ತಾತ ಬಾಯಿಬಿಟ್ಟ ಮಧ್ಯಾಹ್ನ

ನಮ್ಮ ತಾತ ಹುಟ್ಟಿದಾಗ ಅವನ ಅಪ್ಪ ಬಸ್ರಾದಲ್ಲಿದ್ದ. ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ಮೈಸೂರು ಸಂಸ್ಥಾನದಿಂದ ಹೋದ ದಂಡಿನ ಜೊತೆಗೆ ಹೇಸರಗತ್ತೆಗಳನ್ನು ನೋಡಿಕೊಳ್ಳಲು ನಮ್ಮ ಕಡೆಯ ಕೆಲವರನ್ನು ಕರೆದುಕೊಂಡು ಹೋಗಿದ್ದರಂತೆ, ಮುತ್ತಾತ ಅವರಲ್ಲೊಬ್ಬ. ನಮ್ಮ ಊರು ಮುಳಬಾಗಿಲಿನಿಂದ ಆಂಧ್ರದ ಗಡಿಗೆ ಹೋಗುವ ದಾರಿಯಲ್ಲಿದೆ. ಅಲ್ಲಿ ಯಾರಿಗೂ ಬಸ್ರಾ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಕಾಶಿಗಿಂತ ಆಚೆ ಎಂದು ಒಬ್ಬರು, ಸಮುದ್ರದ ನಡುವೆ ಎಂದು ಇನ್ನೊಬ್ಬರು. ಮುತ್ತಾತ ವಾಪಸ್ ಬರಲಿಲ್ಲ. ಜೊತೆಯಲ್ಲಿ ಹೋಗಿದ್ದ ಕೋಲಾರದ ಕಡೆಯವನೊಬ್ಬ ಮನೆಗೆ ಬಂದು, ಜ್ವರದಲ್ಲಿ ತೀರಿಕೊಂಡ, ನದಿಯ ದಡದಲ್ಲಿ ಮಣ್ಣು ಮಾಡಿದೆವು ಎಂದು ಹೇಳಿದ. "ಸಾಯೋವಾಗ ಬಾಯಿಗೆ ನೀರು ಬಿಟ್ರಾ?" ಎಂದಷ್ಟೇ ಮುತ್ತಜ್ಜಿ ಕೇಳಿದಳಂತೆ. ಬಿಟ್ಟೆವು ಎಂದು ಅವನು ಹೇಳಿದ. ನಿಜವೋ ಸುಳ್ಳೋ, ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಉಳಿದ ಕಾಲ ಕಳೆದಳು.

ಇದನ್ನೆಲ್ಲ ನನಗೆ ಹೇಳಿದವಳು ಅವ್ವ. ತೆಲುಗಿನ ಒಡನಾಟದ ನಮ್ಮ ಕಡೆ ಅಜ್ಜಿಯನ್ನು ಅವ್ವ ಎಂದೇ ಕರೆಯುವುದು. ಅವಳ ತವರು ಶ್ರೀನಿವಾಸಪುರದ ಹತ್ತಿರ, ಮಾವಿನ ತೋಪುಗಳ ನಡುವಿನ ಒಂದು ಹಳ್ಳಿ. ಮದುವೆಯಾಗಿ ಬಂದಾಗ ತಾತ ಚಿನ್ನದ ಗಣಿಗೆ ಸೌದೆ ಸಾಗಿಸುವ ಲಾರಿಯ ಡ್ರೈವರ್. ಸುತ್ತಲ ಹಳ್ಳಿಗಳಲ್ಲಿ ಲಾರಿ ಓಡಿಸಲು ಬರುತ್ತಿದ್ದವನು ಅವನೊಬ್ಬನೇ. ಅವನು ಬರುವುದು ಹಾರನ್ ಸದ್ದಿನಿಂದಲೇ ಊರಿಗೆ ತಿಳಿಯುತ್ತಿತ್ತಂತೆ. ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೀಡಿ, ಬಾಯಿತುಂಬ ಮಾತಾಡುವ ಮನುಷ್ಯ ಎಂದು ಅವ್ವ ಹೇಳುವಾಗ ನನಗೆ ನಂಬಿಕೆಯೇ ಬರುತ್ತಿರಲಿಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ತಾತ ಇಡೀ ದಿನದಲ್ಲಿ ಆಡುತ್ತಿದ್ದದ್ದು ಹೂಂ, ಉಹೂಂ ಅಷ್ಟೇ.

ಎರಡನೇ ಮಹಾಯುದ್ಧದಲ್ಲಿ ಸರ್ಕಾರಕ್ಕೆ ಡ್ರೈವರುಗಳು ಬೇಕಾಗಿದ್ದರು. ತಾತ ಹೋದ. ಯಾರೂ ಬಲವಂತ ಮಾಡಿರಲಿಲ್ಲ, ಮನೆಯಲ್ಲಿ ಊಟಕ್ಕೆ ಕೊರತೆಯೂ ಇರಲಿಲ್ಲ. ಹಡಗು ನೋಡಬೇಕು, ದೊಡ್ಡ ಲಾರಿಗಳನ್ನು ಓಡಿಸಬೇಕು ಎಂಬ ಹುಚ್ಚು. ಆಗ ನಮ್ಮಪ್ಪ ಚಿಕ್ಕ ಹುಡುಗ, ಚಿಕ್ಕಪ್ಪ ಇನ್ನೂ ಅವ್ವನ ಹೊಟ್ಟೆಯಲ್ಲಿದ್ದ. ಮುತ್ತಜ್ಜಿ ಮಗನ ಕಾಲು ಹಿಡಿದು, "ನಿಮ್ಮಪ್ಪ ಹೋದಾಗ ನೀನೂ ಹಿಂಗೇ ಹೊಟ್ಟೇಲಿದ್ದೆ ಕಣೋ" ಎಂದು ಅತ್ತಳಂತೆ. ಅವನು ನಕ್ಕು, "ನಾನೇನು ಕತ್ತೆ ಕಾಯಕ್ಕೆ ಹೋಗ್ತಿದೀನಾ ಅಮ್ಮಾ, ಲಾರಿ ಓಡಿಸ್ತೀನಿ" ಎಂದ.

ಸಿಂಗಪುರಕ್ಕೆ ಹೋಗಿ ಇಳಿದು ಸ್ವಲ್ಪ ದಿನಕ್ಕೇ ಆ ಊರು ಜಪಾನಿನವರ ಕೈಗೆ ಬಿತ್ತು. ಆಮೇಲೆ ಯುದ್ಧ ಮುಗಿಯುವವರೆಗೂ ತಾತನ ಸುದ್ದಿಯೇ ಇಲ್ಲ. ಕಾಣೆಯಾಗಿದ್ದಾನೆ ಎಂದು ಒಂದು ಕಾಗದ ಬಂತು, ಅಷ್ಟೇ. ಊರಿನ ಹಿರಿಯರು ಅವ್ವನ ಕೈಬಳೆ ತೆಗೆಸುವ ಮಾತು ಎತ್ತಿದರು. ಅವ್ವ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಟುಹೋದಳು. ಮುತ್ತಜ್ಜಿ ಮಗನನ್ನು ಕಾಯುತ್ತ ಕಾಯುತ್ತಲೇ ತೀರಿಕೊಂಡಳು.

ತಾತ ತಿರುಗಿ ಬಂದದ್ದು ಅವ್ವನ ತವರಿಗೆ. ಮಾವಿನಕಾಯಿ ಕೊಯ್ಲಿನ ಕಾಲ, ಮನೆಯವರೆಲ್ಲ ತೋಪಿನಲ್ಲಿದ್ದರು. ಅವ್ವ ಒಬ್ಬಳೇ ಅಡಿಗೆ ಮುಗಿಸಿ ಅಂಗಳಕ್ಕೆ ಬಂದಾಗ ಬೇಲಿಯ ಹತ್ತಿರ ಒಬ್ಬ ನಿಂತಿದ್ದ. ಮೂಳೆಗೆ ಚರ್ಮ ಸುತ್ತಿದ ಹಾಗಿದ್ದರೂ ಅವಳಿಗೆ ತಕ್ಷಣ ಗುರುತು ಸಿಕ್ಕಿತು. ಅವನು ಮಾತ್ರ ಅವಳನ್ನು ನೋಡಲಿಲ್ಲ. ಸೀದಾ ಒಳಗೆ ಹೋಗಿ, ಕಾಲೂ ತೊಳೆಯದೆ ಒಲೆಯ ಮುಂದೆ ಕೂತು, ಮನೆಯವರಿಗೆಲ್ಲ ಕಟ್ಟಿಟ್ಟಿದ್ದ ರಾಗಿಮುದ್ದೆಯನ್ನು ಸಾರೂ ಇಲ್ಲದೆ ಮುರಿದು ಮುರಿದು ನುಂಗತೊಡಗಿದ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಅಷ್ಟನ್ನೂ ತಿಂದು ಮುಗಿಸಿ, ಹಿತ್ತಿಲಿಗೆ ಹೋಗಿ ಎಲ್ಲವನ್ನೂ ಕಾರಿಕೊಂಡ. ಆಮೇಲೆ ಅವಳನ್ನು ನೋಡಿ, "ಎಲ್ಲಾ ವೇಸ್ಟ್ ಮಾಡ್ಬಿಟ್ಟೆ" ಎಂದ. ಅಷ್ಟು ವರ್ಷದ ಮೇಲೆ ಗಂಡನ ಬಾಯಿಂದ ಬಂದ ಮೊದಲ ಮಾತು ಅದು.

ಊರಿಗೆ ಮರಳಿದ ಮೇಲೆ ಅವನು ಲಾರಿ ಮುಟ್ಟಲಿಲ್ಲ. ಇದ್ದ ಹೊಲದಲ್ಲಿ ರಾಗಿ, ಕಡಲೆಕಾಯಿ, ಬಾವಿಯ ನೀರಿಗೆ ಆಗುವಷ್ಟು ತರಕಾರಿ. ಎಲ್ಲಿದ್ದೆ, ಏನಾಯಿತು ಎಂದು ಕೇಳಿದವರಿಗೆಲ್ಲ "ಇದ್ದೆ ಎಲ್ಲೋ" ಎನ್ನುತ್ತಿದ್ದ. ಕೇಳಿ ಕೇಳಿ ಜನ ಸುಮ್ಮನಾದರು. ಅವ್ವನಿಗೆ ಮಾತ್ರ ಒಂದು ವಿಷಯ ಗೊತ್ತಿತ್ತು. ತಾತ ಮುದ್ದೆ ಬಚ್ಚಿಡುತ್ತಿದ್ದ. ಉಣ್ಣುವಾಗ ಒಂದು ತುಂಡನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು ಹೋಗಿ ಹುಲ್ಲು ಬಣವೆಯಲ್ಲಿ, ಸೂರಿನ ಸಂದಿನಲ್ಲಿ, ದನದ ಕೊಟ್ಟಿಗೆಯ ಗೋಡೆಯ ತೂತಿನಲ್ಲಿ ಇಡುತ್ತಿದ್ದ. ಇರುವೆ ಸಾಲು ಹಿಡಿದು ಹೋಗಿ ಅವ್ವ ಅವನ್ನೆಲ್ಲ ಹುಡುಕಿ ತೆಗೆದು ಬಿಸಾಡುತ್ತಿದ್ದಳು. ತಾನು ಬಿಸಾಡುವುದು ಅವನಿಗೆ ಕಾಣದ ಹಾಗೆ ನೋಡಿಕೊಳ್ಳುತ್ತಿದ್ದಳು.

ಚಿಕ್ಕಪ್ಪ ಬೆಳೆದದ್ದು ಈ ಮೌನದ ಪಕ್ಕದಲ್ಲಿ. ಅವನ ಬಗ್ಗೆ ನನಗಿರುವ ನೆನಪು ಕಡಿಮೆ, ಆದರೆ ಗಟ್ಟಿ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಉದ್ದಕ್ಕೂ ಓಡುತ್ತಿದ್ದ. ಮುಳಬಾಗಿಲಿನ ಹೈಸ್ಕೂಲಿಗೆ ನಡೆದೇ ಹೋಗಿ ಬರುತ್ತಿದ್ದವನು. ಓಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಪಾಲಿಗೆ ಅಪ್ಪ ಎಂದರೆ ಹಡಗಿನಲ್ಲಿ ಹೋಗಿ ಬಂದವನು. ಆ ಹಡಗು ಎಲ್ಲಿಗೆ ಹೋಯಿತು, ಅಲ್ಲಿ ಏನು ನಡೆಯಿತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಒಳ್ಳೆಯದೇ ನಡೆದಿರಬೇಕೆಂದು ತಾನೇ ಕಲ್ಪಿಸಿಕೊಂಡಿದ್ದ.

ಒಂದು ದಿನ ಕೋಲಾರಕ್ಕೆ ಹೋಗಿ ಬಂದು, "ಅಪ್ಪಾ, ಮಿಲಿಟ್ರಿಗೆ ಸೆಲೆಕ್ಟ್ ಆದೆ" ಎಂದ. ತಾತ ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದನಂತೆ. ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಸೆಯತೊಡಗಿದ.

"ಏನಾನಾ ಹೇಳು. ಬೇಡ ಅನ್ನು. ನೀನು ಬೇಡ ಅಂದ್ರೆ ಅವ್ನು ಹೋಗಲ್ಲ," ಎಂದಳು ಅವ್ವ.

ತಾತ ತಲೆ ಎತ್ತದೆ ಹೊಸೆಯುತ್ತಲೇ ಇದ್ದ. ಹೊರಡುವ ದಿನ ಬಸ್ಸಿನ ತನಕ ಮಗನ ಟ್ರಂಕು ಹೊತ್ತುಕೊಂಡು ಹೋದ. ನಾನೂ ಅಮ್ಮನ ಕೈ ಹಿಡಿದು ಹಿಂದೆ ಹೋಗಿದ್ದೆನಂತೆ. ಬಸ್ಸು ಬಂದಾಗ ತಾತ ಒಂದು ಬಟ್ಟೆಯ ಗಂಟನ್ನು ಮಗನ ಕೈಗಿಟ್ಟು, "ಇದನ್ನ ಸೊಂಟದಲ್ಲಿ ಕಟ್ಕೊಂಡಿರು. ಉಪ್ಪು" ಎಂದ. ಚಿಕ್ಕಪ್ಪನಿಗೆ ನಗು ಬಂತು. "ಅಲ್ಲಿ ಉಪ್ಪು ಕೊಡಲ್ವಾ ಅಪ್ಪಾ?" ಎಂದು ಕೇಳಿದ. ತಾತ ಆಗಲೇ ಊರಿನ ಕಡೆ ತಿರುಗಿ ನಡೆಯುತ್ತಿದ್ದ.

ಚೀನಾ ಯುದ್ಧ ಬಂದಾಗ ನನಗೆ ಆರು ವರ್ಷ. ಚಿಕ್ಕಪ್ಪ ಒಂದೇ ಸಲ ರಜಕ್ಕೆ ಬಂದು ಹೋಗಿದ್ದ. ಊರಿನ ಟೀ ಹೋಟೆಲಿನ ರೇಡಿಯೋದ ಮುಂದೆ ಜನ ಗುಂಪಾಗಿ ನಿಲ್ಲುತ್ತಿದ್ದರು. ಅಪ್ಪ ಹೋಗಿ ಕೇಳಿಕೊಂಡು ಬಂದು, ಅರ್ಧ ನುಂಗಿ ಅರ್ಧ ಹೇಳುತ್ತಿದ್ದ. ಆಮೇಲೆ ತಂತಿ ಬಂತು. ಶಾಲೆಯ ಮೇಷ್ಟ್ರು ಓದಿ, "ಕಾಣೆಯಾಗಿದ್ದಾನೆ ಅಂತ ಐತಮ್ಮಾ" ಎಂದರು.

ಅವ್ವ ಅಳಲಿಲ್ಲ. "ಕಾಣೆ ತಾನೇ? ಅವ್ರಪ್ಪನೂ ಕಾಣೆ ಆಗಿದ್ದ. ಬರ್ಲಿಲ್ವಾ?" ಎಂದು ಎಲ್ಲರಿಗೂ ತಾನೇ ಧೈರ್ಯ ಹೇಳಿದಳು. ಚೀನಾದವರ ಕೈಗೆ ಸಿಕ್ಕ ಸೆರೆಯಾಳುಗಳು ಮುಂದಿನ ವರ್ಷ ತಿರುಗಿ ಬರುತ್ತಿದ್ದಾರೆಂದು ಸುದ್ದಿ ಬಂದಾಗ ಮನೆ ಸಾರಿಸಿದಳು, ಹೊಸ ಚಾಪೆ ತರಿಸಿದಳು. ಬಸ್ಸು ನಿಲ್ಲುವ ಹೊತ್ತಿಗೆ ನನ್ನನ್ನು ಕರೆದುಕೊಂಡು ಹೋಗಿ ಹುಣಿಸೆಮರದ ಕೆಳಗೆ ನಿಲ್ಲುತ್ತಿದ್ದಳು. ಇಳಿದವರನ್ನು ಒಬ್ಬೊಬ್ಬರಾಗಿ ನೋಡಿ, ಬಸ್ಸು ಹೊರಟ ಮೇಲೂ ಧೂಳು ಅಡಗುವ ತನಕ ನಿಂತಿದ್ದು, "ನಡಿ, ನಾಳೆ ಬರ್ತಾನೆ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಬಸ್ಸಿಳಿದು ನಮ್ಮ ಮನೆ ಕೇಳಿಕೊಂಡು ಬಂದವನು ಬೇರೊಬ್ಬ. ಮಾಲೂರಿನ ಆಚೆ, ಮಾಸ್ತಿ ಕಡೆಯ ಹುಡುಗ. ಚಿಕ್ಕಪ್ಪನ ಜೊತೆಗೇ ಸೇರಿದವನಂತೆ. ಎಡಗಾಲಿನ ಬೆರಳುಗಳಿರಲಿಲ್ಲ, ಕುಂಟುತ್ತಿದ್ದ. ಅವ್ವ ನೀರು ಕೊಟ್ಟಳು, ಕೂರಿಸಿದಳು. ಅಪ್ಪ ಹೊಲದಿಂದ ಓಡಿ ಬಂದ. ತಾತ ತನ್ನ ಮಾಮೂಲಿ ಜಾಗದಲ್ಲಿ, ಕಂಬಕ್ಕೆ ಒರಗಿ ಕೂತಿದ್ದ. ನಾನು ಬಾಗಿಲ ಹತ್ತಿರ ನಿಂತಿದ್ದೆ, ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ.

"ಹಿಂದಕ್ಕೆ ಹೋಗಿ ಅಂದ್ರು ಅಮ್ಮಾ," ಎಂದು ಆ ಹುಡುಗ ಶುರು ಮಾಡಿದ. "ರೋಡಲ್ಲಿ ಚೀನಾದವ್ರಿದ್ರು, ಅದಕ್ಕೇ ಬೆಟ್ಟ ಕಾಡಲ್ಲೇ ನಡೆದ್ವಿ. ಮೈಮೇಲಿದ್ದಿದ್ದು ಇಲ್ಲಿ ಹಾಕ್ಕೊಂಡಿದ್ದ ಬಟ್ಟೇನೇ. ಬೂಟು ಒದ್ದೆ. ತಿನ್ನಕ್ಕೂ ಏನಿಲ್ಲ. ಅವ್ನ ಕಾಲು ಊದ್ಕೊಂಬಿಟ್ಟಿತ್ತು. ನಂಗೆ ಆತ್ಕೊಂಡು ನಡೀತಿದ್ದ. ಆಮೇಲೆ ಒಂದು ಕಡೆ ಮರಕ್ಕೆ ಒರಕ್ಕೊಂಡು ಕೂತ. 'ನೀನು ನಡೀತಿರು, ನಾನು ಸ್ವಲ್ಪ ಕೂತಿದ್ದು ಬರ್ತೀನಿ' ಅಂದ."

ಹುಡುಗ ತಲೆ ತಗ್ಗಿಸಿದ.

"ನಾನು ಹೋದೆ ಅಮ್ಮಾ," ಎಂದ. "ತಿರುಗಿ ನೋಡ್ದಾಗ ಕೂತೇ ಇದ್ದ. ಹಿಮ ಬೀಳ್ತಿತ್ತು."

ಅವ್ವ ಕೂತಲ್ಲೇ ಗೋಡೆಗೆ ಒರಗಿದಳು. ಅಪ್ಪ ಎದ್ದು ಕೊಟ್ಟಿಗೆಗೆ ಹೋದ. ಆಗ ತಾತ ಬಾಯಿಬಿಟ್ಟ. ಆ ದನಿಯನ್ನು ಅಷ್ಟು ಉದ್ದದ ಮಾತಿನಲ್ಲಿ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನೀನು ಹೋಗಿದ್ದು ಸರಿ ಕಣಪ್ಪಾ. ಹೋಗ್ದೇ ಇದ್ದಿದ್ರೆ ನೀನೂ ಅಲ್ಲೇ. ನಾನೂ ಹಂಗೇ ಒಬ್ಬನ್ನ ಬಿಟ್ಟು ಬಂದಿದೀನಿ. ಒಬ್ಬನ್ನಲ್ಲ."

ಅಲ್ಲಿಂದ ಮಾತು ನಿಲ್ಲಲಿಲ್ಲ. ಸಿಂಗಪುರದಿಂದ ಅವರನ್ನು ಹಡಗಿನ ತಳದಲ್ಲಿ ತುಂಬಿ ಯಾವುದೋ ದ್ವೀಪಕ್ಕೆ ಕರೆದುಕೊಂಡು ಹೋದದ್ದು. ಅದರ ಹೆಸರು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ. ವಿಮಾನ ಇಳಿಯುವ ಬಯಲಿಗೆ ಕಲ್ಲು ಒಡೆದದ್ದು. ಒಂದು ಹಿಡಿ ಅಕ್ಕಿ, ಅದೂ ಆಮೇಲೆ ಇಲ್ಲ. ಹುಲ್ಲು, ಎಲೆ, ಸಿಕ್ಕ ಹುಳ. ಉಪ್ಪಿಲ್ಲದೆ ಮೈ ಜೋತುಬಿದ್ದು ಎದ್ದು ನಿಲ್ಲಲಾಗದೆ ಹೋದದ್ದು. ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಲು ಹೋದ ಸೇಲಂ ಕಡೆಯವನೊಬ್ಬನನ್ನು ಹೊಡೆದು ಕೊಂದದ್ದು. ತನ್ನ ಪಕ್ಕದಲ್ಲಿ ಮಲಗುತ್ತಿದ್ದ ಪಂಜಾಬಿ, ಭಾಷೆ ಬಾರದವನು, ಜ್ವರದಲ್ಲಿ ಬಿದ್ದದ್ದು.

"ಅವ್ನ ಪಾಲಿನ ಗಂಜಿ ನನ್ನ ಕೈಗೆ ಕೊಟ್ರು, ಕುಡಿಸು ಅಂತ," ಎಂದ ತಾತ. "ನಾನೇ ಕುಡಿದೆ. ಅವ್ನು ನೋಡ್ತಿದ್ದ. ಮಾರನೇ ದಿನವೂ ಕುಡಿದೆ. ಅವ್ನು ಸತ್ತ."

ಮಾಸ್ತಿ ಕಡೆಯ ಹುಡುಗ ಅಳುತ್ತಿದ್ದ. ಅವ್ವ ಅಳುತ್ತಿರಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

"ಇದನ್ನ ಅವ್ನಿಗೆ ಯಾಕೆ ಹೇಳ್ಲಿಲ್ಲ?" ಎಂದಳು. "ಹೊರಟು ನಿಂತವನ ಕೈಗೆ ಉಪ್ಪು ಕೊಟ್ಟೆ. ಯಾಕೆ ಅಂತ ಹೇಳ್ಲಿಲ್ಲ."

"ಹೇಳಿದ್ರೆ ನೀವ್ಯಾರೂ ನನ್ನ ಪಕ್ಕ ಕೂತು ಉಣ್ತಿರ್ಲಿಲ್ಲ."

"ಉಣ್ತಿದ್ದೆ," ಎಂದಳು ಅವ್ವ. "ನನ್ನ ಮಗ ಇದ್ದಿದ್ರೆ ಯಾರ ಪಕ್ಕ ಬೇಕಾದ್ರೂ ಕೂತು ಉಣ್ತಿದ್ದೆ."

ಎದ್ದು ಒಳಗೆ ಹೋದಳು. ಅವತ್ತಿನಿಂದ ಅವಳು ತಾತನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಯಿಸುತ್ತಿದ್ದಳು. ಹೇಳುವುದಿದ್ದರೆ ನನ್ನ ಮೂಲಕ. "ನಿಮ್ಮ ತಾತಂಗೆ ಹೇಳಮ್ಮ, ಸ್ನಾನಕ್ಕೆ ನೀರು ಕಾದೈತೆ." ತಾತ ಅಲ್ಲೇ ಕೂತಿರುತ್ತಿದ್ದ. ನಾನು ಹೇಳುವ ತನಕ ಏಳುತ್ತಿರಲಿಲ್ಲ.

ತಾತನಿಗೆ ಮಾತ್ರ ಮಾತು ನಿಲ್ಲಿಸಲು ಆಗದೆ ಹೋಯಿತು. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ, ಎಮ್ಮೆ ಮೇಯಿಸುವವರ ಹತ್ತಿರ, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತಿದ್ದ. ಮೊದಮೊದಲು ಜನ ಕಣ್ಣೊರೆಸಿಕೊಂಡು ಕೇಳಿದರು. ಆಮೇಲೆ ಅವನು ಬರುವುದು ಕಂಡರೆ ಟೀ ಲೋಟ ಕೆಳಗಿಟ್ಟು ಏಳುತ್ತಿದ್ದರು. ಹೇಳಿ ಹೇಳಿ ಸುಸ್ತಾದಾಗ ತೆಲುಗಿಗೆ ತಿರುಗಿ, "ಚೆಪ್ಪಿಂಟೆ ಬಾಗುಂಡೇದಿ" ಎನ್ನುತ್ತಿದ್ದ, ಹೇಳಿದ್ದರೆ ಚೆನ್ನಾಗಿತ್ತು ಎಂದು. ಕೊನೆಗೆ ಕೇಳಲು ಉಳಿದವಳು ನಾನೊಬ್ಬಳೇ. ಆ ದ್ವೀಪದ ಮರ, ಮಳೆ, ಸೊಳ್ಳೆ, ಆ ಪಂಜಾಬಿಯ ಗಡ್ಡ ಎಲ್ಲ ನಾನೇ ಕಂಡ ಹಾಗೆ ಈಗಲೂ ಕಣ್ಣಿಗೆ ಕಟ್ಟಿವೆ.

ಚೀನಾ ಯುದ್ಧವಾಗಿ ಮೂರು ವರ್ಷಕ್ಕೆ, ಪಾಕಿಸ್ತಾನದ ಮೇಲೆ ಯುದ್ಧವಾದಾಗ ಕೋಲಾರದಲ್ಲಿ ಸೈನ್ಯಕ್ಕೆ ಹುಡುಗರನ್ನು ಆರಿಸುತ್ತಿದ್ದಾರೆಂದು ತಾತನ ಕಿವಿಗೆ ಬಿತ್ತು. ನನ್ನನ್ನು ಕರೆದುಕೊಂಡು ಹೊರಟ. ಮೈದಾನದಲ್ಲಿ ಅಂಗಿ ಬಿಚ್ಚಿದ ಹುಡುಗರು ಸಾಲಾಗಿ ನಿಂತಿದ್ದರು. ತಾತ ಸಾಲಿನ ಪಕ್ಕದಲ್ಲಿ ನಡೆಯುತ್ತ ಒಬ್ಬೊಬ್ಬನಿಗೂ ಹೇಳತೊಡಗಿದ. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು. ಪೊಲೀಸಿನವನೊಬ್ಬ ಬಂದು, "ನಡೀರಿ ಯಜಮಾನ್ರೇ, ಇಲ್ಲಿ ನಿಲ್ಬಾರ್ದು" ಎಂದು ಮೆತ್ತಗೇ ಹೇಳಿದ. ಅಷ್ಟರಲ್ಲಿ ಸಾಲಿನ ಕೊನೆಯಲ್ಲಿದ್ದ, ಪಕ್ಕೆಲುಬು ಕಾಣುವ ಹುಡುಗನೊಬ್ಬ, "ತಾತಾ, ಅಲ್ಲಿ ಎರಡು ಹೊತ್ತು ಊಟ ಕೊಡ್ತಾರಲ್ಲ. ನಾನು ಅದಕ್ಕೇ ಬಂದಿರೋದು" ಎಂದ.

ತಾತ ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಬನ್ನು, ಬಾಳೆಹಣ್ಣು ತಂದು ಆ ಹುಡುಗನ ಕೈಗೆ ಕೊಟ್ಟು, ಅವನು ತಿಂದು ಮುಗಿಸುವ ತನಕ ಎದುರಿಗೇ ನಿಂತು ನೋಡಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮತ್ತೆ ಆ ಮೈದಾನಕ್ಕೆ ಹೋಗಲೂ ಇಲ್ಲ.

ಬಾಂಗ್ಲಾ ಯುದ್ಧದ ಡಿಸೆಂಬರಿನಲ್ಲಿ ತಾತ ಹಾಸಿಗೆ ಹಿಡಿದಿದ್ದ. ಹೊಟ್ಟೆಯಲ್ಲಿ ಗೆಡ್ಡೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಆ ಹೊತ್ತಿಗೆ ನಮ್ಮ ಮನೆಗೂ ಟ್ರಾನ್ಸಿಸ್ಟರ್ ಬಂದಿತ್ತು. ನಾವು ಗೆದ್ದೆವು, ಶತ್ರುಸೈನ್ಯ ಶರಣಾಯಿತು, ಸಾವಿರ ಸಾವಿರ ಜನ ಸೆರೆ ಸಿಕ್ಕಿದ್ದಾರೆ ಎಂದು ವಾರ್ತೆ ಬಂದಾಗ ಬೀದಿಯಲ್ಲಿ ಹುಡುಗರು ಪಟಾಕಿ ಹಚ್ಚಿದರು. ಅಪ್ಪ ಬಗ್ಗಿ ತಾತನ ಕಿವಿಯಲ್ಲಿ ಹೇಳಿದ.

ತಾತ ಕಣ್ಣು ತೆರೆದು, "ಸೆರೆ ಸಿಕ್ಕಿರೋರಿಗೆ ಊಟ ಕೊಡ್ತಾರಾ?" ಎಂದು ಕೇಳಿದ.

ಒಲೆಯ ಮುಂದಿದ್ದ ಅವ್ವ ಎದ್ದು ಬಂದಳು. ಅಷ್ಟು ವರ್ಷ ನನ್ನ ಮೂಲಕವೇ ಮಾತಾಡಿದವಳು ಅವನ ತಲೆಯ ಹತ್ತಿರ ಕೂತು, "ಕೊಡ್ತಾರೆ. ನಮ್ಮೋರು ಕೊಡ್ತಾರೆ. ನೀನು ಅದನ್ನ ಯೋಚನೆ ಮಾಡ್ಬೇಡ" ಎಂದಳು. ತಾತ ಅವಳ ಕೈ ಹುಡುಕಿದ. ಅವಳು ಕೈ ಕೊಟ್ಟಳು. ಆ ವಾರದಲ್ಲೇ ತಾತ ಹೋದ.

ಅವ್ವ ಆಮೇಲೆ ಬಹಳ ಕಾಲ ಬದುಕಿದಳು. ನನ್ನ ಮದುವೆ ನೋಡಿದಳು, ನಾನು ಮಾಲೂರಿನಲ್ಲಿ ಶಾಲೆಯ ಟೀಚರಾಗಿ ಮನೆ ಮಾಡಿದ್ದನ್ನು ನೋಡಿದಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ಚಿಕ್ಕಪ್ಪನ ತಿಥಿ ಮಾಡಲು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. "ಕೂತಿದ್ದ ಅಂತ ತಾನೇ ಆ ಹುಡುಗ ಹೇಳಿದ್ದು? ಸತ್ತ ಅಂದ್ನಾ?" ಎನ್ನುತ್ತಿದ್ದಳು. ಕಾರ್ಗಿಲ್ ಯುದ್ಧದ ವೇಳೆಗೆ ಅವಳು ನಮ್ಮ ಮನೆಯಲ್ಲಿದ್ದಳು, ಕಣ್ಣು ಮಂಜಾಗಿತ್ತು. ಸತ್ತ ಯೋಧರ ಪೆಟ್ಟಿಗೆಗಳು ಅವರವರ ಊರಿಗೆ ಬರುವುದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಅವ್ವ ಕುರ್ಚಿಯನ್ನು ಟೀವಿಗೆ ತೀರಾ ಹತ್ತಿರ ಎಳೆದುಕೊಂಡು ಕೂರುತ್ತಿದ್ದಳು. ಪೆಟ್ಟಿಗೆಯ ಮೇಲೆ ಬಿದ್ದು ಅಳುವ ತಾಯಂದಿರನ್ನು ನೋಡಿ ಒಂದು ದಿನ, "ಇವ್ರಿಗೆ ಮುಟ್ಟಕ್ಕಾದ್ರೂ ಸಿಕ್ತು" ಎಂದಳು. ನಾನು ಟೀವಿ ಆರಿಸಲು ಹೋದೆ. "ಇರ್ಲಿ ಬಿಡೇ" ಎಂದಳು. ಮುಂದಿನ ವರ್ಷ, ನಿದ್ದೆಯಲ್ಲೇ ಅವಳ ಪ್ರಾಣ ಹೋಯಿತು.

ಅವಳ ಕಾರ್ಯವೆಲ್ಲ ಮುಗಿದ ಮೇಲೆ ಅಪ್ಪ ತಮ್ಮನಿಗೂ ಮಾಡಬೇಕೆಂದು ಹೊರಟ. ಸತ್ತ ದಿನ ಯಾವುದು ಎಂದು ಪುರೋಹಿತರು ಕೇಳಿದರು. ಅಪ್ಪನಿಗೆ ಹೇಳಲಾಗಲಿಲ್ಲ. ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡಬಹುದು ಎಂದು ಅವರೇ ದಾರಿ ತೋರಿಸಿದರು. ತಾನಿರುವ ತನಕ ಅಪ್ಪ ಇಟ್ಟ. ಈಗ ಅಪ್ಪನೂ ಇಲ್ಲ, ನಾನು ಇಡುತ್ತೇನೆ. ಹೆಣ್ಣುಮಕ್ಕಳು ಇಡಬಹುದೇ ಎಂದು ನಾನು ಯಾರನ್ನೂ ಕೇಳಿಲ್ಲ.

ಚಿಕ್ಕಪ್ಪನ ಮುಖ ನನಗೆ ನೆನಪಿಲ್ಲ. ಇದ್ದ ಒಂದು ಫೋಟೋ ಗೋಡೆಯ ತೇವಕ್ಕೆ ಹಾಳಾಯಿತು. ಹೆಗಲ ಮೇಲೆ ಕೂತಾಗ ಮೂಗಿಗೆ ಬರುತ್ತಿದ್ದ ಹರಳೆಣ್ಣೆಯ ವಾಸನೆ ಇದೆ, ಓಡುವಾಗ ನಾನು ಹಿಡಿದುಕೊಳ್ಳುತ್ತಿದ್ದ ಅವನ ಕಿವಿಗಳಿವೆ. ಅವನಿಗೆ ಯಾವ ಅಡಿಗೆ ಇಷ್ಟವಿತ್ತೆಂದು ಹೇಳುವವರು ಯಾರೂ ಉಳಿದಿಲ್ಲ. ಹಾಗಾಗಿ ಮನೆಯಲ್ಲಿ ಏನೇನು ಮಾಡಿರುತ್ತೇನೋ ಅದನ್ನೆಲ್ಲ ಬಡಿಸುತ್ತೇನೆ. ನನಗೆ ಈಗ ಎಪ್ಪತ್ತು ಹತ್ತಿರ, ಅವನಿಗೆ ಇನ್ನೂ ಇಪ್ಪತ್ತು. ಎಲೆಯ ಮುಂದೆ ನಿಂತಾಗ ಚಿಕ್ಕಪ್ಪಾ ಎಂದು ಕರೆಯಲು ಬಾಯಿ ಬರುವುದಿಲ್ಲ. ನನ್ನ ಮೊಮ್ಮಗನನ್ನು ಊಟಕ್ಕೆ ಕರೆಯುವ ಹಾಗೆಯೇ ಕರೆಯುತ್ತೇನೆ.

"ಬಾರಪ್ಪ, ಎದ್ದು ಬಾ. ಆರೋಗುತ್ತೆ."